ಕೈಪಿಡಿಯಲ್ಲಿ ನಾನು ಬಿಟ್ಟ ಪುಟ

ಮಾಳವ್ವ, ನಿಮ್ಮ ಊರಿನ ಪಟ್ಟಿಯನ್ನು ಅಳಿಸಿದವನು ನಾನು. ನೀವಲ್ಲ. ಇಷ್ಟು ಹೇಳಲು ಹನ್ನೆರಡು ವರ್ಷ ಬೇಕಾಯಿತು — ನಾಚಿಕೆಗೇಡು.

ನೆನಪಿದೆಯೇ, ಬೀಳಗಿಯ ಆ ಪುನರ್ವಸತಿ ಕಚೇರಿ? ಮೂರು ಕಂಪ್ಯೂಟರು, ಮೂರಕ್ಕೂ ಸೇರಿ ಒಂದೇ ಪಟ್ಟಿ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿದ್ದ ಊರುಗಳಲ್ಲಿ ಯಾರ ಮನೆಯ ಪಕ್ಕ ಯಾರ ಮನೆ ಎಂದು ತುಂಬುತ್ತಿದ್ದೆವು, ಹೊಸ ಊರಿನಲ್ಲೂ ಅದೇ ನೆರೆಹೊರೆ ಸಿಗಲಿ ಎಂದು. ಇಬ್ಬರು ಒಟ್ಟಿಗೆ ತೆರೆದರೆ ಕೊನೆಗೆ ಉಳಿಸಿದವರದ್ದು ಉಳಿದು, ಮೊದಲಿನವರ ಕೆಲಸ ಹೋಗುತ್ತಿತ್ತು. ಅದಕ್ಕೆ ನೀವೇ ಒಂದು ಉಪಾಯ ಹುಡುಕಿದ್ದಿರಿ. ಪಟ್ಟಿ ತೆರೆದಾಗ ನಿಮ್ಮ ಅಪ್ಪನ ಟಗರಿನ ಕೊರಳ ಗಂಟೆಯನ್ನು ಮಾನಿಟರ್ ಮೇಲೆ ಇಡುವುದು, ಮುಗಿದಾಗ ಒಮ್ಮೆ ಬಾರಿಸುವುದು. ಗಂಟೆ ಕೇಳುವ ತನಕ ಯಾರೂ ಪಟ್ಟಿ ಮುಟ್ಟುತ್ತಿರಲಿಲ್ಲ. "ಯಾರದರ ಮನಿ ತಪ್ಪಿದ್ರ ಪಾಪ ನನಗ ಬರ್ತೈತ್ರಿ," ಎನ್ನುತ್ತಿದ್ದಿರಿ.

ಜಮಖಂಡಿಯಿಂದ ಬಂದ ನಾನು, ಕಂಪ್ಯೂಟರ್ ಬಲ್ಲವನೆಂಬ ಜಂಬದವನು, ಅದನ್ನು ಕಂಡು ನಗುತ್ತಿದ್ದೆ. ಕಚೇರಿಗೆ ಕನ್ನಡದಲ್ಲಿ ಕೈಪಿಡಿ ಬರೆಯುವ ಕೆಲಸ ನನ್ನದಾಗಿತ್ತು. ಅದರಲ್ಲಿ ಬರೆದೆ: ಒಬ್ಬರು ತೆರೆದ ಫೈಲಿನಲ್ಲಿ ಇನ್ನೊಬ್ಬರು ಬರೆಯದಂತೆ ಕಂಪ್ಯೂಟರೇ ಕಡ್ಡಾಯವಾಗಿ ತಡೆಯುತ್ತದೆ, ಇನ್ನು ಗಂಟೆ ಬೇಕಿಲ್ಲ. ಕಚೇರಿಯ ಸಾಹೇಬರ ಮುಂದೆ ಮಾಡಿಯೂ ತೋರಿಸಿದೆ. ಶಭಾಷ್ ಎಂದರು. ಅಂದಿನಿಂದ ಗಂಟೆ ನಿಮ್ಮ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು.

ಆದರೆ ಆ ತಡೆಗೆ ಎರಡು ಆಯ್ಕೆ ಬೇಕು — ಫೈಲಿನ ಮೇಲೆ ಒಂದು ಗುರುತು, ಕಂಪ್ಯೂಟರ್ ಶುರುವಾಗಿ ಡಿಸ್ಕನ್ನು ಜೋಡಿಸಿಕೊಳ್ಳುವಾಗ ಇನ್ನೊಂದು. ಕರೆಂಟ್ ಹೋಗಿ ಬಂದಾಗಲೆಲ್ಲ ಎರಡನೆಯದು ಬಿಟ್ಟುಹೋಗುತ್ತಿತ್ತು, ಮತ್ತೆ ಕೊಡಬೇಕಿತ್ತು. ಕೈಪಿಡಿ ಹಂಚಿದ ವಾರದಲ್ಲೇ ಇದು ನನಗೆ ಗೊತ್ತಾಯಿತು. ಒಂದು ಪುಟ ಸೇರಿಸಿದ್ದರೆ ಮುಗಿಯುತ್ತಿತ್ತು. ಆದರೆ ಆ ಶಭಾಷ್‌ಗಿರಿ ಸಿಕ್ಕ ಮೇಲೆ, ಮತ್ತೆ ಸಾಹೇಬರ ಮುಂದೆ ಹೋಗಿ — ಇಲ್ಲ, ಬರೆಯಲಿಲ್ಲ. ಕರೆಂಟ್ ಬಂದಾಗ ನಾನೇ ಸದ್ದಿಲ್ಲದೆ ಆ ಆಯ್ಕೆ ಕೊಟ್ಟರಾಯಿತು ಎಂದುಕೊಂಡೆ.

ಆ ಮಧ್ಯಾಹ್ನ ಕರೆಂಟ್ ಹೋಗಿ ಬಂತು. ನಾನು ಮರೆತೆ. ನಿಮ್ಮ ಊರಿನವರು ಬಂದು ಕೂತಿದ್ದರು. ಅವರು ಹೇಳಿದಂತೆ ನೀವು ಒಂದೊಂದೇ ಮನೆ ತುಂಬಿ, ಉಳಿಸಿ, ಅವರನ್ನು ಬಸ್ಸಿಗೆ ಬಿಡಲು ಹೋದಿರಿ. ನೀವು ತುಂಬುವ ಮೊದಲಿನಿಂದಲೇ ಅದೇ ಪಟ್ಟಿ ನನ್ನ ಕಂಪ್ಯೂಟರಿನಲ್ಲೂ ತೆರೆದಿತ್ತು. ಬೇರೊಂದು ಊರಿನ ಎರಡು ಹೆಸರು ತಿದ್ದಿ ಉಳಿಸಿದೆ. ಆಮೇಲೆ ನೋಡಿದರೆ ನಿಮ್ಮ ಊರೇ ಇಲ್ಲ. ಬಸ್ಸು ಇನ್ನೂ ನಿಂತಿತ್ತು — ಕಿಟಕಿಯಿಂದ ಕಾಣುತ್ತಿತ್ತು, ಮಾಳವ್ವ. ನಾನು ಕುರ್ಚಿಯಿಂದ ಏಳಲಿಲ್ಲ.

ಮರುದಿನ ಎಲ್ಲರೆದುರು ಪಟ್ಟಿ ಓದಿದಾಗ ನಿಮ್ಮ ಊರಿರಲಿಲ್ಲ. ಸಾಹೇಬರು ಕಾಯಲಿಲ್ಲ, ಚೀಟಿ ಎತ್ತಿಸಿ, ಬಂದಂತೆ ಜಾಗ ಹಂಚಿದರು. ಹೊಸ ಊರಿನಲ್ಲಿ ನೆರೆಯವರು ದಿಕ್ಕಿಗೊಬ್ಬರಾದರು. ನಿಮ್ಮ ಅಪ್ಪ ಕೇಳಿದರು, "ನಮ್ಮ ಹೆಸರ ನೀನ ಅಳಿಸಿದೇನ ಬೇ?"

ನೀವು ನನ್ನ ಕಡೆ ತಿರುಗಿದಿರಿ. "ಸರ್, ಗಂಟಿ ಬ್ಯಾಡ ಅಂತ ಬರದವ್ರು ನೀವಲ್ಲೇನ್ರಿ? ಒಂದ ಮಾತ ಹೇಳ್ರಿ."

ನಾನು ಸಾಹೇಬರಿಗೆ ಹೇಳಿದೆ, "ಪುಸ್ತಕದಾಗ ಎಲ್ಲಾ ಬರೋಬರಿ ಅದರಿ."

ನಿಮ್ಮ ಕೆಲಸ ಹೋಯಿತು. ಮೇಜಿನ ಮೇಲೆ ಉಳಿದ ಗಂಟೆಯನ್ನು ಮನೆಗೆ ತಂದು, ಬಡಿಯದಂತೆ ಒಳಗೆ ಬಟ್ಟೆ ತುರುಕಿ ಪೆಟ್ಟಿಗೆಯಲ್ಲಿಟ್ಟೆ. ಆದರೂ ಏನನ್ನಾದರೂ ಬರೆದು ಉಳಿಸುವಾಗ ಅದು ಕೇಳುತ್ತದೆ. ಕೈ ಹಾಗೇ ನಿಲ್ಲುತ್ತದೆ. ಯಾಕೆ ಎಂದು ಹೆಂಡತಿ ಕೇಳುತ್ತಾಳೆ, ಏನೋ ಒಂದು ಹೇಳುತ್ತೇನೆ.

ಕಳೆದ ತಿಂಗಳು ಹುನ್ನೂರಿನ ಬಸ್ಸಿನಲ್ಲಿ ನಿಮ್ಮ ಊರಿನವರೊಬ್ಬರು ಸಿಕ್ಕರು. ನಿಮ್ಮ ಅಪ್ಪ ತೀರಿಕೊಂಡರಂತೆ. ಕೊನೆಯವರೆಗೂ ನಿಮ್ಮ ಕೈಯ ನೀರು ಕುಡಿಯಲಿಲ್ಲವಂತೆ.

ಬಿಟ್ಟ ಪುಟವನ್ನು, ಆ ಮಧ್ಯಾಹ್ನ ನಾನು ಮಾಡಿದ್ದನ್ನೂ ಸೇರಿಸಿ, ಈಗ ಬರೆದಿದ್ದೇನೆ. ಕೆಳಗೆ ನನ್ನ ಸಹಿಯಿದೆ. ಸೋಮವಾರ ನಿಮ್ಮ ಹೊಸ ಊರಿನ ಬೀರೇಶ್ವರ ಗುಡಿಯ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಓದಿ ಹೇಳುತ್ತೇನೆ, ಗಂಟೆಯನ್ನು ನಿಮ್ಮ ಕೈಗೆ ಕೊಡುತ್ತೇನೆ. ಕ್ಷಮೆ ಕೇಳುವುದಿಲ್ಲ. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದ ಒಬ್ಬರು ಆ ಕಟ್ಟೆಯ ಮುಂದೆ ಇರುವುದಿಲ್ಲ.