ಅತ್ತೆ ಕೈಯಿಟ್ಟ ಮಡಕೆ

ಭದ್ರಾವತಿಯಲ್ಲಿ ರೈಲು ಹತ್ತಿ ನಮ್ಮೆದುರು ಕೂತ ಹಿರಿಯರೊಬ್ಬರು ದೊಡ್ಡ ಮಡಕೆಯೊಳಗೆ ಕೈಯಿಟ್ಟು ನೀರು ಕಲಕುತ್ತಲೇ ಇದ್ದರು. ಅರವತ್ತರ ದಶಕ, ನಾನಾಗ ಹೊಸ ಸೊಸೆ; ಅತ್ತೆಯ ಜೊತೆ ಶಿವಮೊಗ್ಗದ ಮನೆಗೆ ಹೊರಟಿದ್ದೆ. ಕುತೂಹಲ ತಡೆಯದೆ ಇಣುಕಿದರೆ, ಒಳಗೆ ಅಕ್ಕಿಕಾಳಿನಷ್ಟೇ ಇದ್ದ ಮೀನುಮರಿಗಳು.

"ನೀರು ಅಲ್ಲಾಡ್ದಿದ್ರೆ ಉಸಿರುಕಟ್ಟಿ ಸಾಯ್ತಾವಮ್ಮ. ಗಾಜನೂರಿನ ಹತ್ರ ನಮ್ಮೂರ ಕೆರೆಗೆ ಬಿಡೋಕೆ ತಗೊಂಡು ಹೋಗ್ತಿದೀನಿ. ಹಾಲು ಕಾಣದ ಮಕ್ಕಳಿಗೆ ಇದೇ ಶಕ್ತಿ," ಎಂದರು. ಕಲಕಿ ಕಲಕಿ ಅವರ ಕೈ ಸೋತಿತ್ತು.

ಮೀನಂಗಡಿ ಇರುವ ಬೀದಿಯನ್ನೇ ತುಳಿಯದ ನಮ್ಮ ಅತ್ತೆ ಬಳೆ ಮೇಲೇರಿಸಿ, "ಸ್ವಲ್ಪ ಸರೀರಿ" ಎಂದು ತಾವೇ ಮಡಕೆಗೆ ಕೈಯಿಟ್ಟರು. ಶಿವಮೊಗ್ಗ ಬರುವವರೆಗೂ ತೆಗೆಯಲಿಲ್ಲ.

ಮನೆಗೆ ಬಂದವರೇ ತಲೆಗೆ ಸ್ನಾನ ಮಾಡಿದರು. ಆದರೆ ಆಮೇಲೆ ವರ್ಷಗಟ್ಟಲೆ, ಗಾಜನೂರಿನ ಕಡೆಯವರು ಯಾರು ಸಿಕ್ಕರೂ ಕೇಳುತ್ತಿದ್ದರು: "ನಮ್ಮ ಮೀನು ಹೆಂಗಿದಾವೆ? ಮಕ್ಕಳು ಹೊಟ್ಟೆತುಂಬ ತಿಂತಾವಾ?"