ಉಳಿದ ನಾಲ್ಕು ಹಲಗೆ

ಮೊದಲ ದಿನ ಶಿವಪ್ರಕಾಶ್ ವಿರುಪಾಕ್ಷಪ್ಪನನ್ನು ತನ್ನ ಕಂಪನಿಗೆ ಬಂಡವಾಳ ಹಾಕಲು ಬಂದ ದೊಡ್ಡ ಮನುಷ್ಯನೆಂದು ತಿಳಿದುಬಿಟ್ಟಿದ್ದ. ತಪ್ಪು ಪೂರ್ತಿ ಅವನದೇ ಅಲ್ಲ. ಇಂಟರ್‌ನೆಟ್ ಕಂಪನಿಗೆಂದು ದುಡ್ಡು ಕೇಳುವವರು ಚಡ್ಡಿಯಲ್ಲಿ, ಕೊಡುವವರು ಇಸ್ತ್ರಿ ಅಂಗಿಯಲ್ಲಿ ಓಡಾಡುತ್ತಿದ್ದ 1999ನೇ ಇಸವಿ ಅದು. ವಿರುಪಾಕ್ಷಪ್ಪನ ಅಂಗಿಗೆ ಇಸ್ತ್ರಿ ಆಗಿತ್ತು. ಸಾಲದ್ದಕ್ಕೆ, ಅಮೆರಿಕದ ಬರ್ಕ್ಲಿಯಲ್ಲಿದ್ದ ಆ ಕಂಪನಿಯ ಆಫೀಸಿನ ಗೋಡೆಯ ಚಿತ್ರದ ಮುಂದೆ ಅವನು ಕೈಕಟ್ಟಿ ಹತ್ತು ನಿಮಿಷ ನಿಂತಿದ್ದ.

ನೂರಿಪ್ಪತ್ತು ವರ್ಷ ಹಿಂದಿನ ಚಿತ್ರವೊಂದರ ನಕಲು. ಕಿಟಕಿಯ ಬೆಳಕು ಬಿದ್ದ ಕೋಣೆಯಲ್ಲಿ ಮೂವರು ಕೂಲಿಯವರು ಮಂಡಿಯೂರಿ ಮರದ ನೆಲ ಹೆರೆಯುತ್ತಿದ್ದಾರೆ. ಅದರಡಿ ಶಿವಪ್ರಕಾಶ್ ‘ನಮ್ಮ ಟೀಮು’ ಎಂದು ಬರೆಸಿದ್ದ. ಟೀಮಿನ ಹನ್ನೊಂದು ಮಂದಿ ಆಗ ಪಿಂಗ್‌ಪಾಂಗ್ ಆಡುತ್ತಿದ್ದರು.

ಮನೆ ರಿಪೇರಿಗೆ ಕೆಲಸಗಾರರನ್ನು ಇಂಟರ್‌ನೆಟ್ಟಿನಲ್ಲೇ ಹುಡುಕಿಕೊಡುವ ತನ್ನ ಕಂಪನಿಯ ಮಹಿಮೆಯನ್ನು ಶಿವಪ್ರಕಾಶ್ ಕಾಫಿ ಕೊಟ್ಟು ಇಪ್ಪತ್ತು ನಿಮಿಷ ವರ್ಣಿಸಿದ. ವಿರುಪಾಕ್ಷಪ್ಪ ಪೂರ್ತಿ ಕೇಳಿ, ಕಪ್ಪು ಕೆಳಗಿಟ್ಟು, ಚೀಲದಿಂದ ಮೊಣಕಾಲಿಗೆ ಕಟ್ಟುವ ಮೆತ್ತೆಗಳನ್ನು ತೆಗೆದ.

“ಈ ಆಫೀಸಿನ ನೆಲದ ಕೆಲಸಕ್ಕ ಬಂದೀನ್ರಿ. ನಿಮ್ಮ ಮನಿಯವ್ರು ಜಲಜಾ ಅವ್ರು ಇಲ್ಲೇ ನೆವಾರ್ಕಿನ ಗ್ರೋಸರಿ ಅಂಗಡ್ಯಾಗ ಸಿಕ್ಕಿದ್ರು. ಎಲ್ಲಿ ಹುಡುಕಿದ್ರೂ ಮಂದಿ ಸಿಗವಲ್ರು ಅಂದ್ರು.”

ರಾಣೆಬೆನ್ನೂರಿನ ಬಡಗಿ ವಿರುಪಾಕ್ಷಪ್ಪ ಇಪ್ಪತ್ತು ವರ್ಷದ ಹಿಂದೆ ಒಂದು ದೇವಸ್ಥಾನದ ಬಾಗಿಲು ಕೆತ್ತಲು ಅಮೆರಿಕಕ್ಕೆ ಬಂದವನು. ಬಾಗಿಲು ಮುಗಿಯಿತು, ಊರು ಹಿಡಿಸಿತು, ಮರದ ನೆಲದ ಕೆಲಸ ಕೈಗೆ ಹತ್ತಿತು. ಕಪ್ಪಾದ ಹಳೆ ಪಾಲಿಶ್ ಹೆರೆಯಲು ನಡುವಿಗೆ ಮೆಷೀನು, ಮೂಲೆಗೆ ಕೈಯ ಅಲಗು. ಇಲ್ಲಿನ ಬಡಗಿಗಳು ನಿಂತೇ ಕೊಯ್ಯುವವರು. ಹಲಗೆಯನ್ನು ಕಾಲ್ಬೆರಳಲ್ಲಿ ಒತ್ತಿ ಹಿಡಿದು ನೆಲಕ್ಕೆ ಕೂತ ಇವನನ್ನು ಕಂಡು ಮೊದಮೊದಲು ನಗುತ್ತಿದ್ದರು. ಆಮೇಲೆ ಮೂಲೆಗಳಿಗೆಲ್ಲ ಇವನನ್ನೇ ಕರೆದರು. ಗೋಡೆಯ ಚಿತ್ರದಲ್ಲಿ ಬಿಳಿಯರೂ ಹೀಗೆ ನೆಲಕ್ಕೆ ಕೂತದ್ದು ಕಂಡು ಅವನಿಗೆ ಒಳಗೊಳಗೇ ಖುಷಿಯಾಗಿತ್ತು.

ಮಧ್ಯಾಹ್ನ ಹೆಂಡತಿ ಬಂಗಾರೆವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ, ಅದೇ ನೆಲದ ಮೇಲೆ ಕಾಲು ಗಂಟೆ ನಿದ್ದೆ. ಇಷ್ಟಿದ್ದರೆ ಅವನು ದೊರೆ. ಹಟ ಒಂದೇ: ತಾನು ಹೆರೆದ ನೆಲದಲ್ಲಿ ಒಂದು ಹಲಗೆಯೂ ಕಪ್ಪಾಗಿ ಉಳಿಯಬಾರದು. ಇಷ್ಟು ವರ್ಷದಲ್ಲಿ ಉಳಿದದ್ದೂ ಇಲ್ಲ.

ನಾಲ್ಕನೆಯ ದಿನ ಶುಕ್ರವಾರ. ನಿಜವಾದ ಬಂಡವಾಳದವರು ಬರುವುದು ಸೋಮವಾರ. ಇವತ್ತು ಸಂಜೆ ಎಣ್ಣೆ ಹಚ್ಚಿದರೆ ಎರಡು ದಿನಕ್ಕೆ ಒಣಗೀತು. ಹೆರೆಯಲು ಉಳಿದದ್ದು ನಾಲ್ಕೇ ಹಲಗೆ. ಆ ನಾಲ್ಕರ ಮೇಲೆಯೇ ಶಿವಪ್ರಕಾಶ್ ಕ್ಯಾಮೆರಾ ಹಿಡಿದು ನಿಂತಿದ್ದ.

“ವೆಬ್‌ಸೈಟಿಗೆ ಒಂದೇ ಒಂದು ಫೋಟೋ, ವಿರುಪಾಕ್ಷಪ್ಪನೋರೆ. ಚಿತ್ರದ ಕೆಳಗೆ ಅವರ ಹಾಗೇ ಬಗ್ಗಿ. ಮುಖದಲ್ಲಿ ಸ್ವಲ್ಪ ಕಷ್ಟ ಇರ್ಲಿ.”

“ಕಷ್ಟ ಎಲ್ಲಿಂದ ತರ್ಲಿರೀ ಸಾಹೇಬ್ರ? ಹೊಟ್ಟಿ ತುಂಬ ರೊಟ್ಟಿ ತಿಂದೀನಿ.”

“ಅಯ್ಯೋ, ಶ್ರಮಜೀವಿಯ ನೋವು ಕಾಣ್ಬೇಕು!”

“ನಿಮ್ಮ ಬೂಟು ನೋಡಿದ್ರ ತಾನ ಬರ್ತೈತಿ. ಆಚಿ ಸರೀರಿ, ಐದಕ್ಕ ಎಣ್ಣಿ ಹಚ್ಚಬೇಕು.”

“ಒಂದ್ನಿಮಿಷ” ಎಂದ ಶಿವಪ್ರಕಾಶ್. ಆ ಒಂದು ನಿಮಿಷ ಶುರುವಾಗಿ ಆಗಲೇ ಹದಿನೆಂಟು ನಿಮಿಷವಾಗಿತ್ತು. ಕ್ಯಾಮೆರಾ ಇಳಿಸಿ, ಚಿತ್ರವನ್ನೇ ದಿಟ್ಟಿಸುತ್ತ, ಮೀಟಿಂಗಿನ ದನಿ ತೆಗೆದ.

“ಆ ಮೂರು ಜನ ತಲೆ ತಗ್ಗಿಸ್ಕೊಂಡು ಅಷ್ಟು ಆಳವಾಗಿ ಏನು ಯೋಚಿಸ್ತಿರಬಹುದು, ಹೇಳಿ?”

ವಿರುಪಾಕ್ಷಪ್ಪ ಅಲಗು ಒರೆಸುತ್ತಿದ್ದವನು ತಲೆ ಎತ್ತಲಿಲ್ಲ.

“ಈ ಚಿತ್ರ ಬರಿಯಾವ ಯಾವಾಗ ಹೋಗ್ತಾನೋ ಅಂತ. ಅವ ನಿಂತ ಹಲಗಿ ಇನ್ನೂ ಹೆರಿಯೋದೈತಲ್ರಿ.”