ನನ್ನ ಮಗಳ ಮಿದುಳಿನ ಕಸ

ಮೊದಲು ಕೈಯಿಂದ ರೊಟ್ಟಿ ಬಿತ್ತು. ಕಮಲಾಗೆ ಆಗಷ್ಟೇ ಮೂರು ತುಂಬಿತ್ತು. ಆಮೇಲೆ ನಡೆಯುತ್ತ ನಡೆಯುತ್ತ ಅವಳೇ ಬೀಳತೊಡಗಿದಳು. ಫಿಟ್ಸ್ ಬಂದವು. ಕಣ್ಣು ಮಂಜಾಯಿತು. ಕಲಿತ ಮಾತುಗಳು ಒಂದೊಂದಾಗಿ ಹೋದವು.

ಕೊನೆಗೆ ‘ಯವ್ವಾ’ ಎನ್ನುವುದೂ ಹೋಯಿತು.

ನನ್ನನ್ನು ಕೊಟ್ಟದ್ದು ಸೋದರಮಾವನಿಗೆ. ನನ್ನ ತಾಯಿಯ ತಾಯಿ, ನಮ್ಮ ಆಯಿಯೇ ನನಗೆ ಅತ್ತೆ. ಹೊರಗಿನ ಹೆಣ್ಣು ಬಂದರೆ ಮನೆ ಒಡೆಯುತ್ತದೆ ಎಂದು ಆಯಿಯೇ ಮಾಡಿಸಿದ ಲಗ್ನ. ಕೂಸು ಹೀಗಾದ ಮೇಲೆ, ನಾನು ಬಸುರಿಯಿದ್ದಾಗ ಗ್ರಹಣದಲ್ಲಿ ಅಂಗಳಕ್ಕೆ ಬಂದಿದ್ದೆನೆಂದು ಅವಳು ಇಂಡಿ ಊರ ತುಂಬ ಹೇಳಿಕೊಂಡು ಬಂದಳು. ತಾಯಿತ, ಹರಕೆ, ಉಪವಾಸ, ಎಲ್ಲವೂ ನನ್ನ ಪಾಲಿಗೇ.

ಕಡೆಗೆ ಗಂಡ ರೈಲಿನಲ್ಲಿ ಸೊಲ್ಲಾಪುರದ ದವಾಖಾನೆಗೆ ಕರೆದೊಯ್ದ. ಅಲ್ಲಿಯ ಡಾಕ್ಟರು ಕೂಸಿನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ನಮ್ಮಿಬ್ಬರಿಗೆ ಏನು ಸಂಬಂಧ ಎಂದು ಕೇಳಿದರು. ರಕ್ತ ತಪಾಸಣೆಯ ವರದಿ ಬಂದ ಮೇಲೆ ಒಳಗೆ ಕರೆದರು.

“ಮಿದುಳಿನ ಒಂದೊಂದು ಸೆಲ್ಲೂ ತನ್ನೊಳಗಿನ ಕಸಾ ತಾನ ಕರಗಿಸ್ಕೊಂತೈತ್ರಿ. ಈ ಕೂಸಿನಾಗ ಅದು ಆಗವಲ್ದು. ಕಸಾ ತುಂಬಿ ಸೆಲ್ ಸಾಯಾಕತ್ತಾವು.”

ಔಷಧ ಕೇಳಿದೆ.

“ಇಲ್ರಿ ತಾಯಿ.”

ಈ ಕೊರತೆ ತಂದೆ ತಾಯಿ ಇಬ್ಬರಲ್ಲೂ ಅಡಗಿರುತ್ತದೆ, ಒಂದೇ ರಕ್ತ ಕೂಡಿದರೆ ಮಗುವಿಗೆ ಬರುವ ಭಯ ಹೆಚ್ಚು ಎಂದರು. ಊರಿಗೆ ಬಂದೆವು. ಡಾಕ್ಟರಿಗೇನು ಗೊತ್ತು ಎಂದಳು ಆಯಿ.

ಅಷ್ಟೇ ಅಲ್ಲ, ನನ್ನ ತಂಗಿ ಶಾರದಾಳನ್ನು ತನ್ನ ಕಿರಿಯ ಮಗನಿಗೆ ತರುವುದೆಂದು ನಿಶ್ಚಯಕ್ಕೆ ಹಿರಿಯರನ್ನು ಕರೆಸಿದಳು. ಎಲೆ ಅಡಿಕೆ ಹಂಚುವ ಮೊದಲು ನಾನು ಕಮಲಾಳನ್ನು ಎತ್ತಿ ತಂದು ನಡುವೆ ಮಲಗಿಸಿದೆ. ಕೈಕಾಲು ಸೆಟೆದಿದ್ದವು. ಬಾಯಿಂದ ಜೊಲ್ಲು ಇಳಿಯುತ್ತಿತ್ತು.

“ಆಯಿ, ಇಂಥದು ಇನ್ನೊಂದು ಬೇಕೇನ ನಿನಗ?”

“ನಿನ್ನ ಹೊಟ್ಟಿ ಸುಟ್ಟೈತಂತ ತಂಗಿ ಬಾಳ್ವೇನೂ ಸುಡ್ತಿ ಏನ?” ಎಂದಳು ಆಯಿ.

ಆಗ ನನ್ನ ಗಂಡ ಎದ್ದು ನಿಂತ. ತಾಯಿಯ ಎದುರು ಅವನು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಡಾಕ್ಟರ್ ನನ್ನ ಮುಂದನ ಹೇಳ್ಯಾರ ಯವ್ವಾ. ಈ ಲಗ್ನ ಬ್ಯಾಡ.”

ಹಿರಿಯರು ಎದ್ದು ಹೋದರು.

ಬಿತ್ತನೆಗೆ ಮೊದಲು ಕಮಲಾ ತೀರಿಕೊಂಡಳು. ಮನೆಯ ಕಸ ದಿನವೂ ಹೊಡೆಯುತ್ತೇನೆ. ಅವಳೊಳಗಿನದಕ್ಕೆ ಮಾತ್ರ ನನ್ನ ಕೈ ಮುಟ್ಟಲಿಲ್ಲ. ಇನ್ನೊಂದು ಕೂಸು ಬೇಡವೆಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ. ಆಯಿ ನನ್ನ ಕೈಯ ನೀರು ಕುಡಿಯುವುದಿಲ್ಲ.

ಶಾರದಾಳನ್ನು ಮುದ್ದೇಬಿಹಾಳಕ್ಕೆ ಕೊಟ್ಟರು, ಸಂಬಂಧವೇ ಇಲ್ಲದ ಮನೆಗೆ. ಮೊನ್ನೆ ಅವಳ ಮಗ ಅಂಬೆಗಾಲಿಟ್ಟು ಹೊಸ್ತಿಲು ದಾಟಿದನಂತೆ. ಸುದ್ದಿ ಕೇಳಿ ನಾನು ಅತ್ತುಬಿಟ್ಟೆ. ಊರಲ್ಲಿ ನನಗೆ ಲಗ್ನ ಮುರಿದವಳು ಎಂದೇ ಹೆಸರು.

ಇರಲಿ. ಆ ಹುಡುಗ ನಡೆಯಲಿ.